ಗಿಡದ ಡಾಕ್ಟರ್‌ಗೆ ಕೇಳಿ: ಈ ಭಾನುವಾರದ ಪ್ರಶ್ನೋತ್ತರ

ಪ್ರಶ್ನೆ (ಜಯನಗರ): ತಾರಸಿಯ ದಾಸವಾಳಕ್ಕೆ ಹಿಟ್ಟು ತಿಗಣೆ (ಬಿಳಿ ಹಿಟ್ಟು ಮೆತ್ತಿದಂತೆ ಕಾಣುವ, ರಸ ಹೀರುವ ಕೀಟ) ಹತ್ತಿದೆ. ಬೇವಿನೆಣ್ಣೆ ಮೂರು ಸಲ ಹೊಡೆದರೂ ಹೋಗಿಲ್ಲ. ಈಗ ಅದರ ನಡುವೆ ಇನ್ನೂ ದಪ್ಪನೆಯ ಬಿಳಿ ಹುಳಗಳು ಓಡಾಡುತ್ತಿವೆ. ಫೋಟೋ ಹಾಕಿದ್ದೇನೆ. ಜೋರಾಗಿರೋ ಔಷಧಿ ಯಾವುದಿದೆ?

ಉತ್ತರ: ಸದ್ಯಕ್ಕೆ ಏನೂ ಹೊಡೆಯಬೇಡಿ. ಫೋಟೋ ದೊಡ್ಡದು ಮಾಡಿ ನೋಡಿದೆ. ಮೈ ತುಂಬಾ ಹತ್ತಿಯ ಎಳೆ ಜೋತಾಡಿಸಿಕೊಂಡು ಸರಸರ ಓಡುತ್ತಿರುವ ಆ ದಪ್ಪ ಹುಳ ತಿಗಣೆ ಅಲ್ಲ, ತಿಗಣೆಯನ್ನು ತಿನ್ನೋದು. ಗುಲಗಂಜಿ ಹುಳುವಿನ ಜಾತಿಯ ಮರಿ. ವೇಷ ಮಾತ್ರ ತಿಗಣೆಯದ್ದು! ಗುರುತು ಹಿಡಿಯೋದು ಸುಲಭ: ತಿಗಣೆ ಮೂರು ಮಿಲಿಮೀಟರ್ ಇರುತ್ತದೆ, ಕೂತ ಜಾಗ ಬಿಟ್ಟು ಕದಲೋದೇ ಅಪರೂಪ. ಈ ಮರಿ ಒಂದು ಸೆಂಟಿಮೀಟರ್ ದಾಟುತ್ತದೆ, ಕಡ್ಡಿಯಿಂದ ಮುಟ್ಟಿದರೆ ಓಡುತ್ತದೆ. ದೊಡ್ಡದಾದ ಮೇಲೆ ಕಪ್ಪು ಬೆನ್ನು, ಕಿತ್ತಳೆ ತಲೆ.

1898ರಲ್ಲಿ ಕಾಫಿ ತೋಟದ ಹಸಿರು ಶಲ್ಕಕೀಟ (ಎಲೆಗೆ ಅಂಟಿಕೊಂಡು ರಸ ಹೀರುವ ಚಪ್ಪಟೆ ಕೀಟ) ತಿನ್ನಲಿ ಅಂತ ಆಸ್ಟ್ರೇಲಿಯಾದಿಂದ ತಂದ ಹುಳು ಇದು. ಇಲ್ಲಿ ಅದಕ್ಕೆ ಹಿಟ್ಟು ತಿಗಣೆಯ ರುಚಿ ಹತ್ತಿತು.

ಇನ್ನೊಂದು, ಫೋಟೋದಲ್ಲಿ ಕಾಂಡದ ಮೇಲೆ ಇರುವೆ ಸಾಲು ಕಾಣುತ್ತಿದೆ. ಮೊದಲು ಅದನ್ನು ನಿಲ್ಲಿಸಿ. ತಿಗಣೆ ಬಿಡೋ ಸಿಹಿ ಅಂಟಿಗಾಗಿ ಇರುವೆಗಳು ಅದನ್ನು ಹಸು ಸಾಕಿದ ಹಾಗೆ ಸಾಕುತ್ತವೆ, ತಿನ್ನಲು ಬಂದವರನ್ನು ಓಡಿಸುತ್ತವೆ. ಕುಂಡವನ್ನು ನೀರಿನ ತಟ್ಟೆಯಲ್ಲಿ ನಾಲ್ಕು ಇಟ್ಟಿಗೆ ಚೂರಿನ ಮೇಲಿಡಿ. ಗೋಡೆಗೆ ತಾಗುವ ಕೊಂಬೆ ಕತ್ತರಿಸಿ, ಇಲ್ಲದಿದ್ದರೆ ಅದೇ ಇರುವೆಗೆ ಸೇತುವೆ.

ಪ್ರಶ್ನೆ (ಅವರೇ): ಹಾಗಾದರೆ ಬೇವಿನೆಣ್ಣೆ ಯಾಕೆ ಕೆಲಸ ಮಾಡಲಿಲ್ಲ?

ಉತ್ತರ: ಬೋರ್‌ವೆಲ್ ನೀರು ಅಲ್ವಾ? ಎಣ್ಣೆ ನೀರಿಗೆ ಬೆರೆಯಲಿ ಅಂತ ಹಾಕುವ ಸೋಪು ಗಡಸು ನೀರಲ್ಲಿ ಒಡೆಯುತ್ತದೆ, ಎಣ್ಣೆ ಮೇಲೆ ತೇಲುತ್ತದೆ. ನೀವು ಹೊಡೆದದ್ದು ಹೆಚ್ಚುಕಡಿಮೆ ಬರೀ ನೀರು. ಮುಂದೆ ಬೇಕಾದರೆ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಬೇವಿನ ಸೋಪು ತನ್ನಿ. ಲೀಟರ್‌ಗೆ 10 ಗ್ರಾಂ, ಮಳೆನೀರಲ್ಲಿ ಕರಗಿಸಿ. ಒಂದು ಕೊಂಬೆಗೆ ಹೊಡೆದು ಎರಡು ದಿನ ನೋಡಿ, ಆಮೇಲೆ ಉಳಿದದ್ದಕ್ಕೆ.

ಪ್ರಶ್ನೆ (ಯಲಹಂಕ): ನಮ್ಮ ಪಪ್ಪಾಯಿಗೂ ಇದೇನಾ?

ಉತ್ತರ: ಪಪ್ಪಾಯಿಯದು ಬೇರೆ ಜಾತಿ. 2008ರಲ್ಲಿ ಕೊಯಮತ್ತೂರಿನಲ್ಲಿ ಕಾಣಿಸಿಕೊಂಡು ದಕ್ಷಿಣವನ್ನೆಲ್ಲ ಕಾಡಿತು. 2010ರಲ್ಲಿ ಪೋರ್ಟೊರಿಕೊದಿಂದ ತಿಗಣೆಯ ಮೈಯೊಳಗೆ ಮೊಟ್ಟೆಯಿಡುವ ಒಂದು ಪುಟ್ಟ ಕಣಜ ತಂದು, ನಿಮ್ಮ ಪಕ್ಕದ ಹೆಬ್ಬಾಳದಲ್ಲೇ ಸಾಕಿ ಬಿಟ್ಟರು. ಒಣಗಿದ ತಿಗಣೆಯ ಬೆನ್ನಲ್ಲಿ ದುಂಡನೆ ತೂತು ಕಂಡರೆ ಕಣಜ ಬಂದುಹೋಗಿದೆ ಅಂತ ಅರ್ಥ. ಆ ಎಲೆ ಕಿತ್ತು ಬಿಸಾಕಬೇಡಿ.

ಪ್ರಶ್ನೆ (ವೈಟ್‌ಫೀಲ್ಡ್): ಬೋರ್‌ವೆಲ್ ಬತ್ತಿದೆ. ಆರ್‌ಓ ಫಿಲ್ಟರ್‌ನಿಂದ ಹೊರಹೋಗುವ ನೀರು ಗಿಡಕ್ಕೆ ಹಾಕಬಹುದಾ?

ಉತ್ತರ: ಅದೊಂದನ್ನೇ ದಿನಾ ಹಾಕಬೇಡಿ, ಉಪ್ಪು ಜಾಸ್ತಿ. ಕುಂಡದ ಅಂಚಲ್ಲಿ ಬಿಳಿ ಪೊರೆ ಕಟ್ಟಿದರೆ ಆಗಲೇ ತಡವಾಗಿದೆ. ಅಕ್ಕಿ, ತರಕಾರಿ ತೊಳೆದ ನೀರು ಒಳ್ಳೇದು. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿಯವರು ಕುಡಿಯುವ ನೀರನ್ನು ತೋಟಕ್ಕೆ ಬಿಟ್ಟರೆ 5,000 ರೂಪಾಯಿ ದಂಡ ಅಂದರಲ್ಲ, ಆಗ ನಾನೂ ಈ ತೊಳೆದ ನೀರಲ್ಲೇ ದಿನ ದೂಡಿದೆ. ಕುಂಡಗಳನ್ನು ನೆರಳಲ್ಲಿ ಒತ್ತೊತ್ತಾಗಿ ಇಡಿ, ಮೇಲೆ ತರಗೆಲೆ ಹೊದಿಸಿ. ಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣಿಗಿಳಿಸಿ. ಒಣಗಿದ್ದರೆ ಮಾತ್ರ ನೀರು.

ಪ್ರಶ್ನೆ (ಕನಕಪುರ ರಸ್ತೆಯಾಚೆ, ಎರಡು ಎಕರೆ ಮಾವು): ಪಕ್ಕದ ಗುಡ್ಡಕ್ಕೆ ಬೆಂಕಿ ಬಿದ್ದು ನಮ್ಮ ಬೇಲಿ ಸಾಲಿನ ಮರಗಳು ಸುಟ್ಟಿವೆ. ಕಡಿದುಬಿಡಲಾ? ತರಗೆಲೆ ಹೊದಿಸಿದ್ದೇ ತಪ್ಪಾಯಿತಾ?

ಉತ್ತರ: ಕಡಿಯಬೇಡಿ. ಉಗುರಿನಿಂದ ತೊಗಟೆ ಕೆರೆಯಿರಿ. ಒಳಗೆ ಹಸಿರಿದ್ದರೆ ಜೀವ ಇದೆ. ಕಾಂಡಕ್ಕೆ ಸುಣ್ಣ ಬಳಿದು ಬಿಸಿಲಿನಿಂದ ಕಾಪಾಡಿ, ಮಳೆ ಬಿದ್ದು ಚಿಗುರು ಬರುವವರೆಗೆ ಕತ್ತರಿ ಮುಟ್ಟಬೇಡಿ. ಹೊದಿಕೆ ತಪ್ಪಲ್ಲ, ಬೇಲಿಯವರೆಗೂ ಹಾಸಿದ್ದು ತಪ್ಪು. ಬೇಲಿ ಉದ್ದಕ್ಕೂ ನಾಲ್ಕು ಮೀಟರ್ ಬರೀ ಮಣ್ಣು ಇರಲಿ, ಗುಡ್ಡದ ಕಡೆ ಇನ್ನೂ ಅಗಲ. ಹುಲ್ಲು ಪೂರ್ತಿ ಒಣಗುವ ಮೊದಲೇ, ಜನವರಿಯಲ್ಲೇ ಕೆತ್ತಿಸಿ. ಕೆತ್ತಿದ್ದನ್ನು ಅಲ್ಲೇ ಸುಡಬೇಡಿ, ದಯವಿಟ್ಟು. ಬೆಂಕಿ ಕಂಡರೆ 112ಕ್ಕೆ ಫೋನ್ ಮಾಡಿ.

ಜಯನಗರದವರು: ಸರ್, ಒಂದು ತಪ್ಪೊಪ್ಪಿಗೆ. ಆ ದಪ್ಪ ಹುಳಗಳನ್ನು ಬೆಳಿಗ್ಗೆ ಹಳೇ ಟೂತ್‌ಬ್ರಷ್‌ನಲ್ಲಿ ಉಜ್ಜಿ ಪೇಪರಿನಲ್ಲಿ ಸುತ್ತಿ ಕಸದ ಬುಟ್ಟಿಗೆ ಹಾಕಿದೆ.

ಉತ್ತರ: ಕಸದ ಗಾಡಿ ಬಂತಾ?

ಜಯನಗರದವರು: ಇನ್ನೂ ಇಲ್ಲ.

ಉತ್ತರ: ಪೇಪರ್ ಬಿಚ್ಚಿ ಗಿಡದ ಬುಡದಲ್ಲಿಡಿ. ಬದುಕಿರುವವು ತಾವಾಗೇ ಹತ್ತಿಕೊಳ್ಳುತ್ತವೆ.