ಕಾಲೇಜು ಮ್ಯಾಚಲ್ಲಿ ಜನ ಕೋರ್ಟಿಗೇ ನುಗ್ಗಿದರೆ ರೆಫರಿ ಏನು ಮಾಡಬೇಕು?

ಹೊಸ_ವಿಶಲ್:

ಎಲ್ಲರಿಗೂ ನಮಸ್ಕಾರ. ಬಾಸ್ಕೆಟ್‌ಬಾಲ್ ರೆಫರಿಯಾಗಿ ನನಗಿದು ಎರಡನೇ ವರ್ಷ. ವಾರವಿಡೀ ಆಫೀಸು, ಶನಿವಾರ ಭಾನುವಾರ ಕಾಲೇಜು ಟೂರ್ನಮೆಂಟ್. ಕಳೆದ ಭಾನುವಾರ ಆಗಿದ್ದನ್ನು ಹೇಳಿಬಿಡುತ್ತೇನೆ, ಆಮೇಲೆ ಬೇಕಾದಷ್ಟು ಬೈಯಿರಿ.

ಬೆಂಗಳೂರಿನ ಒಂದು ಕಾಲೇಜು, ಹೆಸರು ಬೇಡ. ಹುಡುಗರ ಸೆಮಿಫೈನಲ್, ಆ ಕಾಲೇಜಿನ ಟೀಮೇ ಆಡುತ್ತಿತ್ತು. ಸಿಮೆಂಟ್ ಕೋರ್ಟು, ಒಂದು ಕಡೆ ಮೆಟ್ಟಿಲು, ಉಳಿದ ಮೂರು ಕಡೆ ಬಯಲು. ಮೂರನೇ ಕ್ವಾರ್ಟರ್ ಹೊತ್ತಿಗೆ ಫೆಸ್ಟಿಗೆ ಬಂದಿದ್ದವರೆಲ್ಲ ಇಲ್ಲಿಗೇ ಬಂದು ಬೇಸ್‌ಲೈನ್ (ಬಾಸ್ಕೆಟ್ ಹಿಂದಿನ ಗೆರೆ) ಮೇಲೆ ಕಾಲಿಟ್ಟುಕೊಂಡು ನಿಂತರು. ಲೇ ಅಪ್ ಹಾಕಲು ಓಡಿ ಬಂದ ಹುಡುಗ ನಿಲ್ಲೋಕೆ ಜಾಗ ಇಲ್ಲದೆ ಯಾರದೋ ಹೊಟ್ಟೆಗೆ ಹೋಗಿ ಗುದ್ದಿದ. ಹೀಗೆ ಎರಡು ಸಲ ಆಯಿತು.

ಗುಂಪಲ್ಲಿ ಒಬ್ಬನ ಹತ್ತಿರ ನನ್ನ ಥರದ್ದೇ ವಿಶಲ್ ಇತ್ತು. ಹೊರಗಿನ ಟೀಮಿನ ಪಾಯಿಂಟ್ ಗಾರ್ಡ್ ಡ್ರಿಬಲ್ ಮಾಡುತ್ತಾ ಬಂದಾಗ ಸರಿಯಾಗಿ ಊದಿದ. ಪಾಪ ಆ ಹುಡುಗ ನಾನೇ ಊದಿದೆ ಅಂದುಕೊಂಡು ಬಾಲ್ ಹಿಡಿದು ನಿಂತ. ಎದುರಾಳಿ ಕಿತ್ತುಕೊಂಡು ಹೋಗಿ ಬಾಸ್ಕೆಟ್ ಹಾಕಿದ. ಎರಡು ಪಾಯಿಂಟ್ ಕೊಟ್ಟೆ. ಅದು ಈಗಲೂ ಗಂಟಲಲ್ಲಿ ಸಿಕ್ಕಿಕೊಂಡಿದೆ.

ಕೊನೆಯ ಕ್ವಾರ್ಟರಲ್ಲಿ ಬಾಟಲಿ ಬಂತು. ಅರ್ಧ ನೀರಿತ್ತು, ಮುಚ್ಚಳ ಇರಲಿಲ್ಲ. ಫ್ರೀ ಥ್ರೋ ಲೈನ್ ಹತ್ತಿರ ಬಿದ್ದು ನೀರೆಲ್ಲ ಚೆಲ್ಲಿತು. ಯಾರೋ ಹಳೇ ಫ್ಲೆಕ್ಸ್ ತಂದು ಒರೆಸಿದರು. ಫ್ಲೆಕ್ಸಲ್ಲಿ ಒರೆಸಿದರೆ ನೀರು ಹೋಗುತ್ತಾ, ಇನ್ನಷ್ಟು ಹರಡಿತು. ಅದನ್ನು ನೋಡುತ್ತಾ ನಿಂತಿದ್ದಾಗ ಮೆಟ್ಟಿಲ ಮೇಲಿಂದ ಒಬ್ಬ ನಮ್ಮಮ್ಮನನ್ನು ಎಳೆದು ತಂದು ಬೈದ. ನನಗೆ ತಲೆ ಕೆಟ್ಟಿತು. ಸೀದಾ ಹೋಗಿ "ಯಾವನೋ ಅವನು, ಇಳಿದು ಬಾ ಕೆಳಗೆ" ಅಂದೆ. ಇಪ್ಪತ್ತು ಫೋನ್ ಮೇಲೆದ್ದವು. ಈಗ ಅದು ರೀಲ್ ಆಗಿದೆ, ಹಿಂದೆ ಮ್ಯೂಸಿಕ್ ಬೇರೆ. ನಮ್ಮಕ್ಕನ ಮಗಳು ನನಗೇ ಫಾರ್ವರ್ಡ್ ಮಾಡಿದಳು.

ಕೇಳಬೇಕಾಗಿದ್ದು ಇಷ್ಟು. ಆ ಕಾಲೇಜಿನ ಟೀಮಿಗೆ ಟೆಕ್ನಿಕಲ್ ಫೌಲ್, ಅಂದರೆ ಕೆಟ್ಟ ನಡವಳಿಕೆಗೆ ಕೊಡೋ ಫೌಲ್, ಕೊಡಬಹುದಿತ್ತಾ? ಮ್ಯಾಚ್ ನಿಲ್ಲಿಸೋ ಅಧಿಕಾರ ನನಗೆ ಇತ್ತಾ? ಬರೋ ಶನಿವಾರ ಅದೇ ಕೋರ್ಟಲ್ಲಿ ಹುಡುಗಿಯರ ಫೈನಲ್, ನನ್ನನ್ನೇ ಹಾಕಿದ್ದಾರೆ. ಹೋಗಲೋ ಬೇಡವೋ ಅನ್ನೋ ಯೋಚನೆಯಲ್ಲಿದ್ದೇನೆ.

ಹಳೇ_ಕೋರ್ಟು:

ತಮ್ಮಾ, ಹೋಗು. ಹೋಗದೇ ಇದ್ದರೆ ಆ ರೀಲೇ ಖಾಯಂ ಆಗುತ್ತೆ.

ನಾನು ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ವಿಶಲ್ ಊದಿದ್ದೇನೆ, ನಿನಗಿಂತ ಕೆಟ್ಟದಾಗಿ ಜಗಳ ಆಡಿದ್ದೇನೆ. ನನ್ನ ಕಾಲದಲ್ಲಿ ಫೋನ್ ಇರಲಿಲ್ಲ, ಅದೊಂದೇ ಪುಣ್ಯ. ನೀನು ಮೆಟ್ಟಿಲ ಹತ್ತಿರ ಹೋಗಿದ್ದು ಕೊನೆಯ ತಪ್ಪು. ಮೊದಲನೇ ತಪ್ಪು ಬಾಲ್ ಮೇಲೆ ಹಾರೋದಕ್ಕೆ ಮುಂಚೆಯೇ ಆಗಿತ್ತು. ಫೀಬಾ (ಅಂತರರಾಷ್ಟ್ರೀಯ ಬಾಸ್ಕೆಟ್‌ಬಾಲ್ ಸಂಸ್ಥೆ) ರೂಲಲ್ಲಿ ನಮ್ಮ ಅಧಿಕಾರ ಶುರುವಾಗೋದು ಮ್ಯಾಚಿಗೆ 20 ನಿಮಿಷ ಮುಂಚೆ. ಆ 20 ನಿಮಿಷದಲ್ಲಿ ಏನು ಮಾಡಿದೆ? ಟೀಮುಗಳ ವಾರ್ಮ್ ಅಪ್ ನೋಡುತ್ತಾ ಚಹಾ ಕುಡಿದೆ, ಅಲ್ವಾ? ನಾವೆಲ್ಲ ಅದನ್ನೇ ಮಾಡೋದು. ಗೆರೆಯಿಂದ 2 ಮೀಟರ್ ಒಳಗೆ ಏನೂ ಅಡ್ಡ ಇರಬಾರದು ಅಂತ ರೂಲ್ ಇದೆ. ಏನೂ ಅಂದರೆ ಕುರ್ಚಿ, ಬ್ಯಾಗು, ಮನುಷ್ಯ ಎಲ್ಲ ಸೇರಿ. ಅದು ಖಾಲಿ ಆಗೋವರೆಗೂ ನಾನು ಮ್ಯಾಚ್ ಶುರು ಮಾಡೋದಿಲ್ಲ ಅಂತ ಕಾಲೇಜಿನ ಪಿ.ಡಿ. (ದೈಹಿಕ ಶಿಕ್ಷಣ ನಿರ್ದೇಶಕ) ಸರ್‌ಗೆ ಹೇಳಬೇಕಿತ್ತು. ಜನಕ್ಕೆ ಹೇಳೋ ಮಾತಲ್ಲ ಅದು. ನೀನು ಯಾರು ಅಂತ ಜನಕ್ಕೆ ಗೊತ್ತಿಲ್ಲ, ಪಿ.ಡಿ. ಸರ್ ಯಾರು ಅಂತ ಪ್ರತಿಯೊಬ್ಬ ಹುಡುಗನಿಗೂ ಗೊತ್ತು. ಅಟೆಂಡೆನ್ಸ್ ಅವರ ಕೈಯಲ್ಲಿದೆ.

ನಿಲ್ಲಿಸೋ ಅಧಿಕಾರ ಖಂಡಿತ ಇತ್ತು. ಪರಿಸ್ಥಿತಿ ಸರಿ ಇಲ್ಲ ಅಂದರೆ ಕ್ರೂ ಚೀಫ್ (ಮುಖ್ಯ ರೆಫರಿ) ಆಟ ನಿಲ್ಲಿಸಬಹುದು. ನಿಲ್ಲಿಸಿದ ಮೇಲೆ ಹೇಗೆ ನಿಲ್ಲುತ್ತೀಯ ಅನ್ನೋದೇ ಮುಖ್ಯ. ಎರಡೂ ಟೀಮನ್ನು ಬೆಂಚಿಗೆ ಕಳಿಸು. ನೀನೂ ನಿನ್ನ ಜೊತೆಯವರೂ ಸ್ಕೋರರ್ ಟೇಬಲ್ ಎದುರಿನ ಸೈಡ್‌ಲೈನ್ ಹತ್ತಿರ ಹೋಗಿ ಸುಮ್ನೆ ನಿಂತುಕೊಳ್ಳಿ. ಪಿ.ಡಿ. ಸರ್ ಹೋಗಿ ಮಾತಾಡಲಿ. ಐದು ನಿಮಿಷ ಆಟ ಇಲ್ಲ ಅಂದರೆ ಹಿಂದಿನ ಸಾಲಿನವರೇ ಮುಂದಿನ ಸಾಲಿನವರನ್ನು ಬೈದು ಹಿಂದೆ ಎಳೆಯುತ್ತಾರೆ. ಬೇಕಾದಷ್ಟು ಸಲ ನೋಡಿದ್ದೇನೆ.

ಪಿ.ಡಿ. ಸರ್ ತಲೆ ಕೆಡಿಸಿಕೊಳ್ಳಲ್ಲ ಅಂತೀಯಾ? ಹೋದ ವರ್ಷದವರೆಗೆ ಕೆಲವರು ಹಾಗೇ ಇದ್ದರು. 2025ರ ಜೂನ್ 4ರಂದು ಚಿನ್ನಸ್ವಾಮಿ ಸ್ಟೇಡಿಯಂ ಹೊರಗೆ ನೂಕುನುಗ್ಗಲಲ್ಲಿ 11 ಜನ ಹೋದ ಮೇಲೆ, ಜನ ಕೈಮೀರುತ್ತಿದ್ದಾರೆ ಅನ್ನೋ ಮಾತು ಕೇಳಿಯೂ ಸುಮ್ನೆ ಕೂರೋ ಪ್ರಿನ್ಸಿಪಾಲರನ್ನು ನಾನಂತೂ ನೋಡಿಲ್ಲ. ಮಾತಿನಲ್ಲಿ ಹೇಳಬೇಡ, ಚೀಟಿಯಲ್ಲಿ ಬರೆದುಕೊಡು. ಬರೆದಿದ್ದಕ್ಕೆ ಬೆಲೆ ಜಾಸ್ತಿ.

ಇನ್ನು ಆ ವಿಶಲ್. ಎರಡು ಪಾಯಿಂಟ್ ಕೊಡಬಾರದಿತ್ತು. ಹುಡುಗ ಬಾಲ್ ಹಿಡಿದು ನಿಂತ ತಕ್ಷಣ ನೀನೂ ಊದಿ ಆಟ ನಿಲ್ಲಿಸಿ, ಬಾಲ್ ಅವನಿಗೇ ಕೊಡಬೇಕಿತ್ತು. ಇದು ಯಾವ ರೂಲಲ್ಲಿದೆ ಅಂತ ಆ ಕಡೆಯ ಕೋಚ್ ಕೇಳುತ್ತಾನೆ. ರೂಲಲ್ಲಿ ಬರೆಯದೇ ಇರೋ ವಿಷಯಕ್ಕೆ ಕ್ರೂ ಚೀಫ್ ತೀರ್ಮಾನ ಮಾಡಬಹುದು ಅನ್ನೋದೂ ರೂಲಲ್ಲೇ ಇದೆ. ಅದನ್ನು ತೋರಿಸು.

ನೈಟ್_ಶಿಫ್ಟ್:

ಅಣ್ಣ, ಟೆಕ್ನಿಕಲ್ ಪ್ರಶ್ನೆಗೆ ನೀವು ಉತ್ತರ ಕೊಡಲೇ ಇಲ್ಲ. ನಾನು ರೆಫರಿ ಅಲ್ಲ, ಶಿಫ್ಟ್ ಮುಗಿಸಿ ಬಂದು ಮಾರ್ಚ್ ತಿಂಗಳೆಲ್ಲ ಅಮೆರಿಕದ ಕಾಲೇಜು ಮ್ಯಾಚ್ ನೋಡೋನು. ಅಲ್ಲಿ ಸಪೋರ್ಟರ್ಸ್ ಆಟಕ್ಕೆ ಅಡ್ಡ ಬಂದರೆ ಅವರ ಟೀಮಿಗೇ ಟೆಕ್ನಿಕಲ್ ಕೊಡೋ ಅಧಿಕಾರ ರೆಫರಿಗೆ ಇದೆ. ಇಲ್ಲೂ ಅದೇ ಬರಬೇಕು. ಒಂದು ಸಲ ಫ್ರೀ ಥ್ರೋ ಹೋದರೆ ಬಾಟಲಿ ಎಸೆದವನನ್ನು ಅವನ ಫ್ರೆಂಡ್ಸೇ ಹಿಡಿದು ಕೂರಿಸುತ್ತಾರೆ.

ಹಾಗಂತ ಅಲ್ಲೂ ಎಲ್ಲ ಸರಿ ಇಲ್ಲ ಬಿಡಿ. 2014ರ ಫೆಬ್ರವರಿಯಲ್ಲಿ ಓಕ್ಲಹೋಮಾ ಸ್ಟೇಟ್‌ನ ಮಾರ್ಕಸ್ ಸ್ಮಾರ್ಟ್, ಟೆಕ್ಸಸ್ ಟೆಕ್ ಕೋರ್ಟಲ್ಲಿ ಮ್ಯಾಚ್ ಮುಗಿಯೋಕೆ ಕೆಲವೇ ಸೆಕೆಂಡ್ ಇದ್ದಾಗ ಒಬ್ಬ ಪ್ರೇಕ್ಷಕನನ್ನು ತಳ್ಳಿದ. ಅವನಿಗೆ ಟೆಕ್ನಿಕಲ್, ಮೇಲೆ 3 ಮ್ಯಾಚ್ ಸಸ್ಪೆನ್ಶನ್. 2024ರ ಜನವರಿಯಲ್ಲಿ ಓಹಾಯೋ ಸ್ಟೇಟ್ ಗೆದ್ದಾಗ ಜನ ಕೋರ್ಟಿಗೆ ನುಗ್ಗಿ, ಹೊರಗೆ ಹೋಗುತ್ತಿದ್ದ ಎದುರಾಳಿ ಟೀಮಿನ ಆಟಗಾರ್ತಿ ಕೈಟ್ಲಿನ್ ಕ್ಲಾರ್ಕ್‌ಗೆ ಒಬ್ಬಳು ಡಿಕ್ಕಿ ಹೊಡೆದು ಬೀಳಿಸಿದಳು. ಕೋಟಿ ಕೋಟಿ ದುಡ್ಡಿರೋ ಕಡೆಯ ಕಥೆ ಇದು. ಹಗ್ಗ ಕಟ್ಟೋಕೂ ಗತಿ ಇಲ್ಲದ ನಮ್ಮ ಕೋರ್ಟಲ್ಲಿ ನೀವೊಬ್ಬರೇ ಏನು ಮಾಡ್ತೀರ?

ಹಳೇ_ಕೋರ್ಟು:

ಮರೆತೆ, ಸರಿ. ಫೀಬಾ ರೂಲಲ್ಲಿ ಟೆಕ್ನಿಕಲ್ ಬರೋದು ಆಟಗಾರರಿಗೆ, ಕೋಚಿಗೆ, ಬೆಂಚಿನವರಿಗೆ. ಮೆಟ್ಟಿಲ ಮೇಲೆ ಕೂತವನ ಲೆಕ್ಕ ಟೀಮಿನ ಖಾತೆಗೆ ಬರೆಯೋಕೆ ಆಗಲ್ಲ. ಬರಲೂಬಾರದು ಅನ್ನೋದು ನನ್ನ ಅಭಿಪ್ರಾಯ. ಫೆಸ್ಟಲ್ಲಿ ನಾಲ್ಕೈದು ಕಾಲೇಜಿನ ಹುಡುಗರು ಕಲಸುಮೇಲೋಗರ ಆಗಿ ನಿಂತಿರುತ್ತಾರೆ. ಬಾಟಲಿ ಎಸೆದವನು ಯಾವ ಟೀಮಿನ ಕಡೆಯವನು ಅಂತ ಹೇಗೆ ಹೇಳ್ತೀಯ? ಫ್ರೀ ಥ್ರೋ ಸಿಗುತ್ತೆ ಅಂದರೆ ಎದುರಾಳಿ ಕಡೆಯವನೇ ಇವರ ಟೀಶರ್ಟ್ ಹಾಕಿಕೊಂಡು ಬಂದು ಎಸೆಯುತ್ತಾನೆ. ನಮ್ಮ ಹುಡುಗರ ತಲೆ ಈ ವಿಷಯದಲ್ಲಿ ಬಹಳ ಚುರುಕು.

ಆದರೆ ಬೆಂಚಿನ ಹಿಂದೆ ನೋಡು. ಆಡದೇ ಇರೋ ಸೀನಿಯರ್ಸು, ಕ್ಯಾಪ್ಟನ್ ಫ್ರೆಂಡ್ಸು ಬಂದು ಬೆಂಚಲ್ಲೇ ಕೂತಿರುತ್ತಾರೆ. ಅವರಲ್ಲಿ ಬಾಯಿ ಮಾಡಿದವನಿಗೆ ಟೆಕ್ನಿಕಲ್ ಕೊಡಬಹುದು, ಅದು ಕೋಚ್ ಹೆಸರಲ್ಲಿ ಬರುತ್ತೆ. ಒಂದು ಫ್ರೀ ಥ್ರೋ. ಕೋಚಿಗೆ ಮುಂಚೆಯೇ ಹೇಳಿಬಿಡು, ಈ ಬೆಂಚಲ್ಲಿ ಯಾರು ಕೂತರೂ ನಿಮ್ಮ ಲೆಕ್ಕ ಅಂತ. ಎರಡೇ ನಿಮಿಷದಲ್ಲಿ ಬೆಂಚು ಖಾಲಿ.

ಹೊರಗಿನ ಕೋಚ್ ಸಿಟ್ಟಲ್ಲಿ ನಾವು ಆಡಲ್ಲ, ಹೋಗ್ತೀವಿ ಅಂತ ಹೊರಟರೆ ಅವರಿಗೂ ಬಿಡಿಸಿ ಹೇಳು. ನೀನು ಆಡಿ ಅಂದ ಮೇಲೂ ಆಡದಿದ್ದರೆ 20-0 ಅಂತ ಸೋಲು ಬರೆಯಬೇಕಾಗುತ್ತೆ. ಜನರ ತಪ್ಪಿಗೆ ಆ ಹುಡುಗರು ಸೋಲೋದು ಬೇಡ.

ಕಪ್ಪು_ಪ್ಯಾಂಟು:

ಇಲ್ಲಿವರೆಗೂ ಎಲ್ಲರೂ ಬಾಟಲಿ ಬಗ್ಗೆಯೇ ಮಾತಾಡಿದ್ದೀರಿ. ಹುಡುಗಿಯರ ಫೈನಲ್ ಅಂತ ಬರೆದಿದ್ದೀರಲ್ಲ ಹೊಸ ವಿಶಲ್ ಅವರೇ, ಅಲ್ಲಿ ಬಾಟಲಿ ಬರಲ್ಲ, ಮಾತು ಬರುತ್ತೆ. ನಾನು ಒಂಬತ್ತು ವರ್ಷದಿಂದ ರೆಫರಿ. ಕೋರ್ಟಿಗೆ ಇಳಿದರೆ ಒಂದು ಮೂಲೆಯಿಂದ "ಆಂಟಿ, ಫೌಲು" ಅಂತ ಶುರುವಾಗುತ್ತೆ. ಅದು ನನಗೆ ಬಂದರೆ ಕಿವಿ ಮೇಲೆ ಹಾಕಿಕೊಳ್ಳಲ್ಲ. ಆಡೋ ಹುಡುಗಿಯ ಮೈ ಬಗ್ಗೆ, ಬಟ್ಟೆ ಬಗ್ಗೆ ಬಂದರೆ ಮಾತ್ರ ಒಂದು ಸಲವೂ ಬಿಡಲ್ಲ. ಹಿಂದೆ ಬಿಟ್ಟಿದ್ದೆ. ಆ ಹುಡುಗಿ ಫ್ರೀ ಥ್ರೋಗೆ ನಿಂತು ಶಾರ್ಟ್ಸ್ ಕೆಳಗೆ ಎಳೆದುಕೊಳ್ಳುತ್ತಾ ಎರಡೂ ಮಿಸ್ ಮಾಡಿದಳು. ಚೆನ್ನಾಗಿ ಹಾಕೋ ಹುಡುಗಿ. ಅದನ್ನು ನೋಡಿದ ಮೇಲೆ ಬಿಡೋದು ನಿಲ್ಲಿಸಿದೆ.

ನಾನು ಮಾಡೋದು ಇಷ್ಟೇ. ಡೆಡ್ ಬಾಲ್ ಆಗೋವರೆಗೆ, ಅಂದರೆ ಆಟ ತಾನಾಗಿ ನಿಲ್ಲೋವರೆಗೆ, ಕಾಯುತ್ತೇನೆ. ಟೇಬಲ್ ಹತ್ತಿರ ಹೋಗಿ, ಆ ಕಡೆ ತಿರುಗಿಯೂ ನೋಡದೆ, ಪಿ.ಡಿ.ಗೆ ಹೇಳುತ್ತೇನೆ: "ಎಡಗಡೆ, ಮೂರನೇ ಮೆಟ್ಟಿಲು, ನೀಲಿ ಚೆಕ್ಸ್ ಶರ್ಟ್. ಅವನು ಹೊರಗೆ ಹೋದ ಮೇಲೆ ಆಟ." ಒಬ್ಬನೇ ಒಬ್ಬ. ಗುಂಪಿಗೆ ಬೈದರೆ ಎಲ್ಲರೂ ಅವನ ಕಡೆ ಆಗುತ್ತಾರೆ, ಒಬ್ಬನನ್ನು ಎಬ್ಬಿಸಿದರೆ ಪಕ್ಕದವನು ಆ ಕಡೆ ಸರಿದು ಕೂರುತ್ತಾನೆ. ನೀವು "ಯಾವನೋ ಅವನು" ಅಂದಿದ್ದು ಇಲ್ಲೇ ಕೆಟ್ಟಿದ್ದು. ಯಾವನು ಅಂತ ಗೊತ್ತಿಲ್ಲದಿದ್ದರೆ ಬಾಯಿ ಬಿಡಬೇಡಿ.

ಆಮೇಲೆ ಎಲ್ಲವನ್ನೂ ಸ್ಕೋರ್‌ಶೀಟ್ ಹಿಂದೆ ಬರೆಯಿರಿ, ಸಹಿ ಹಾಕೋ ಮುಂಚೆ. ಟೈಮು, ಏನಾಯಿತು, ಯಾರಿಗೆ ಹೇಳಿದಿರಿ. ಸಹಿ ಹಾಕಿದ ಮೇಲೆ ನೆನಪಾದರೆ ಪ್ರಯೋಜನ ಇಲ್ಲ.

ಸದ್ದಿಗೆ ಹೆದರಬೇಡಿ. 2017ರ ಜುಲೈನಲ್ಲಿ ಕಂಠೀರವ ಇಂಡೋರ್ ಸ್ಟೇಡಿಯಂನಲ್ಲಿ ಏಷ್ಯಾ ಕಪ್ ಬಿ ಡಿವಿಷನ್ ಫೈನಲ್, ನಮ್ಮ ಹುಡುಗಿಯರು ಕಜಕಿಸ್ತಾನವನ್ನು 75-73ರಲ್ಲಿ ಸೋಲಿಸಿದ್ದು. ಅಲ್ಲಿ ಕೂಗಿ ಕೂಗಿ ನನ್ನ ಗಂಟಲು ಎರಡು ದಿನ ಕಟ್ಟಿತ್ತು. ಜನ ಗ್ಯಾಲರಿಯಲ್ಲಿ, ಆಟ ಕೆಳಗೆ. ಅಷ್ಟು ದೂರ ಇದ್ದರೆ ಎಷ್ಟು ಕೂಗಿದರೂ ಆಟಕ್ಕೆ ಒಳ್ಳೇದೇ.

ಡ್ರಮ್_ಹುಡುಗ:

ನಾನು ನಿಮ್ಮ ಶತ್ರು ಪಾರ್ಟಿ. ಕಾಲೇಜಲ್ಲಿ ಮೂರು ವರ್ಷ ಡ್ರಮ್ ಬಾರಿಸಿದ್ದೇ ನನ್ನ ಸಾಧನೆ.

ನಿಜ ಹೇಳಬೇಕು ಅಂದರೆ ಮುಕ್ಕಾಲು ಜನಕ್ಕೆ ಟ್ರಾವೆಲಿಂಗ್ ಅಂದರೆ ಏನು ಅಂತಲೂ ಗೊತ್ತಿರಲ್ಲ. ನಮ್ಮವನು ಬಿದ್ದ, ವಿಶಲ್ ಬಂತು, ಆದರೆ ಬಾಲ್ ಅವರಿಗೆ ಹೋಯಿತು. ಅಷ್ಟೇ ಕಾಣೋದು. ಚಾರ್ಜಿಂಗ್ (ಬಾಲ್ ಇದ್ದವನೇ ಎದುರಾಳಿಗೆ ಗುದ್ದೋ ಫೌಲು) ಅಂತ ಮುಷ್ಟಿಯಿಂದ ಇನ್ನೊಂದು ಅಂಗೈಗೆ ಗುದ್ದಿ ತೋರಿಸಿದರೆ ಈಯಪ್ಪ ಯಾಕೆ ತನ್ನ ಕೈಗೇ ಗುದ್ದಿಕೊಳ್ತಾನೆ ಅಂತ ನಗುತ್ತಿದ್ದೆವು. ಒಬ್ಬರು ರೆಫರಿ ಇದ್ದರು, ಪ್ರತಿ ಫೌಲನ್ನೂ ಟೇಬಲ್‌ಗೆ ದೊಡ್ಡ ದನಿಯಲ್ಲಿ, ನಮಗೂ ಕೇಳೋ ಹಾಗೆ ಹೇಳುತ್ತಿದ್ದರು. ಅವರ ಮ್ಯಾಚಲ್ಲಿ ಬೈಗುಳ ಕಮ್ಮಿ ಇರುತ್ತಿತ್ತು. ಯಾಕೆ ಅಂತ ಆಗ ಗೊತ್ತಾಗಿರಲಿಲ್ಲ.

ಇನ್ನೊಂದು ವಿಷಯ, ಡ್ರಮ್ಮಿಗೆ ಜಾಗ ಕೊಡಿ. ಓಡಿಸಿದರೆ ಬೇಸ್‌ಲೈನಿಗೇ ಬರುತ್ತೇವೆ. ಟೇಬಲ್ ಎದುರಿನ ಮೆಟ್ಟಿಲು ನಿಮ್ಮದು, ಅಲ್ಲಿಂದ ಎಷ್ಟಾದರೂ ಬಾರಿಸಿ ಅಂದರೆ ಅದು ನಮ್ಮ ಅಡ್ಡಾ ಆಗುತ್ತೆ, ಬಿಟ್ಟು ಬರಲ್ಲ.

ನೈಟ್_ಶಿಫ್ಟ್:

ತನ್ನ ಕೈಗೇ ಗುದ್ದಿಕೊಳ್ಳೋ ಸಿಗ್ನಲ್ 😂 ಇನ್ನು ಮೇಲೆ ಚಾರ್ಜಿಂಗ್ ನೋಡಿದಾಗೆಲ್ಲ ಇದೇ ನೆನಪಾಗುತ್ತೆ.

ಆದರೂ ಬಾಟಲಿಯನ್ನು ಹಗುರ ಮಾಡಬೇಡಿ. 2004ರ ನವೆಂಬರ್ 19, ಅಮೆರಿಕದ ಪ್ರೊಫೆಷನಲ್ ಲೀಗ್ ಎನ್‌ಬಿಎ, ಪೇಸರ್ಸ್ ಮತ್ತು ಪಿಸ್ಟನ್ಸ್. ಆಟಗಾರರ ಜಗಳ ತಣ್ಣಗಾಗುತ್ತಿತ್ತು, ಯಾರೋ ಒಂದು ಲೋಟ ಎಸೆದರು, ಆಟಗಾರ ಗ್ಯಾಲರಿಗೇ ನುಗ್ಗಿದ. 45.9 ಸೆಕೆಂಡ್ ಬಾಕಿ ಇರುವಾಗಲೇ ರೆಫರಿಗಳು ಮ್ಯಾಚ್ ಮುಗಿಸಿದರು.

ಹೊಸ_ವಿಶಲ್:

ಫೈನಲ್ ಮುಗಿಸಿ ಬಂದು ಬರೆಯುತ್ತಿದ್ದೇನೆ. ಮುಂಚಿತವಾಗಿ ಹೋದೆ. ಟೇಪ್ ಹಿಡಿದು 2 ಮೀಟರ್ ಅಳೆದಾಗ ಪಿ.ಡಿ. ಸರ್ ಮೊದಲು ನಕ್ಕರು. ಚೀಟಿ ಕೊಟ್ಟ ಮೇಲೆ ನಗಲಿಲ್ಲ. ಎನ್‌ಸಿಸಿ ರೂಮಿಂದ ಹಗ್ಗ ಬಂತು, ಸುಣ್ಣದ ಪುಡಿಯಲ್ಲಿ ಗೆರೆ ಬಂತು. ಡ್ರಮ್ಮಿನವರಿಗೆ ಎದುರಿನ ಮೆಟ್ಟಿಲು ಕೊಟ್ಟೆವು, ಮ್ಯಾಚ್ ಪೂರ್ತಿ ಅಲ್ಲೇ ಇದ್ದರು, ನನ್ನ ಕಿವಿ ಇನ್ನೂ ಗುಯ್ ಅನ್ನುತ್ತಿದೆ.

ಎರಡನೇ ಕ್ವಾರ್ಟರಲ್ಲಿ ಒಂದು ಹುಡುಗಿ ಬಗ್ಗೆ ಕೊಳಕು ಮಾತು ಬಂತು. ಮೇಡಂ ಹೇಳಿದ ಹಾಗೆ ಡೆಡ್ ಬಾಲ್‌ಗೆ ಕಾದು ಟೇಬಲ್ ಹತ್ತಿರ ಹೋದೆ. ಕೈ ನಡುಗುತ್ತಿತ್ತು. "ಬಲಗಡೆ, ಕೊನೆ ಮೆಟ್ಟಿಲು, ಕೆಂಪು ಕ್ಯಾಪ್" ಅಂದೆ. ಪಿ.ಡಿ. ಸರ್ ಕ್ಯಾಪ್ ನೋಡಿ "ಅಯ್ಯೋ, ಇವನು ನಮ್ಮವನೇ ಅಲ್ಲ ಕಣ್ರೀ" ಅಂದರು. ಆದರೂ ಕಳಿಸಿದರು. ನಾಲ್ಕು ನಿಮಿಷ ಆಟ ನಿಂತಿತ್ತು. ಸ್ಕೋರ್‌ಶೀಟ್ ಹಿಂದೆ ಬರೆದಿದ್ದೇನೆ.

ನಮ್ಮಮ್ಮನನ್ನು ಬೈದವನು ಕೂಡ ಬಂದಿದ್ದ. ಮ್ಯಾಚ್ ಮುಗಿದ ಮೇಲೆ ಬ್ಯಾಗ್ ತುಂಬುತ್ತಿದ್ದಾಗ ಹತ್ತಿರ ಬಂದು, "ಸರ್, ಆ ರೀಲ್ ಡಿಲೀಟ್ ಮಾಡಿಸಲಾ?" ಅಂದ. ಹಾಕಿದ್ದು ಅವನ ರೂಮ್‌ಮೇಟ್ ಅಂತೆ. ಹೂಂ ಅಂದೆ. ಇನ್ನೂ ಮಾಡಿಲ್ಲ, ಈಗಷ್ಟೇ ನೋಡಿದೆ.