ಟ್ರೈ-ಆಂಗ್ ಜಿಂಟಿ: ಹೊಸ ಬ್ರಷ್ ಹಾಕಿದ ಮೇಲೆ ಕಂಟ್ರೋಲರ್ ಕಟ್ ಆಗ್ತಿದೆ

ಪ್ರಶ್ನೆ:
ನಮಸ್ಕಾರ. ನಾನಿರೋದು ಇಂಗ್ಲೆಂಡಿನಲ್ಲಿ. ಇಲ್ಲಿನ ಹಳೇ ಸಾಮಾನಿನ ಸಂತೆಯಲ್ಲಿ ಟ್ರೈ-ಆಂಗ್‌ನವರ ಜಿಂಟಿ ಅನ್ನೋ ಹಳೇ ಆಟಿಕೆ ರೈಲಿನ ಎಂಜಿನ್ ಸಿಕ್ಕಿತು, ಎಕ್ಸ್04 ಮೋಟರಿನದು. ತಡೆದು ತಡೆದು ಓಡ್ತಿತ್ತು, ಕಮ್ಯುಟೇಟರ್ (ಮೋಟರಿನ ಜೊತೆ ತಿರುಗೋ ತಾಮ್ರದ ಭಾಗ) ಹತ್ರ ಕಿಡಿ ಬೇರೆ. ಬಿಚ್ಚಿದರೆ ಅದಕ್ಕೆ ಕರೆಂಟ್ ಮುಟ್ಟಿಸೋ ಕಾರ್ಬನ್ ತುಂಡು, ಅಂದರೆ ಬ್ರಷ್, ಎರಡೂ ಸವೆದುಹೋಗಿದ್ದವು. ಹೊಸ ಜೋಡಿ ಬ್ರಷ್, ಅದರ ಜೊತೆ ಬಂದ ಸ್ಪ್ರಿಂಗ್ ಹಾಕಿದೆ. ಈಗ ಹಳಿ ಮೇಲಿಟ್ಟು ನಾಬ್ ತಿರುಗಿಸಿದ ತಕ್ಷಣ ಹಳಿಗೆ ಕರೆಂಟ್ ಕೊಡೋ ಕಂಟ್ರೋಲರ್ ಟ್ರಿಪ್ ಆಗುತ್ತೆ, ಮೋಟರ್ ಮಿಸುಕೋದೇ ಇಲ್ಲ. ಆರ್ಮೇಚರ್ (ಮೋಟರಿನೊಳಗೆ ತಿರುಗೋ ತಂತಿ ಸುರುಳಿ) ಸುಟ್ಟಿದೆಯಾ?

ಉತ್ತರ 1:
ಆರ್ಮೇಚರ್ ಮೇಲೆ ಈಗಲೇ ಅನುಮಾನ ಬೇಡ. ಸ್ಪ್ರಿಂಗ್ ನೋಡಿ. ಎಕ್ಸ್04ರಲ್ಲಿ ಎರಡು ಬ್ರಷ್ಷನ್ನೂ ಒತ್ತೋದು ಒಂದೇ ತಂತಿ ಸ್ಪ್ರಿಂಗಿನ ಎರಡು ಕಾಲು. ಅದರಲ್ಲಿ ಒಂದು ಕಾಲಿಗೆ ಸಣ್ಣ ಪ್ಲಾಸ್ಟಿಕ್ ಸ್ಲೀವ್ ಇರಬೇಕು. ಇಲ್ಲದಿದ್ದರೆ ಸ್ಪ್ರಿಂಗೇ ಎರಡೂ ಬ್ರಷ್ ಸೇರಿಸಿ ಶಾರ್ಟ್ ಮಾಡುತ್ತೆ. ನಿಮ್ಮ ಹೊಸ ಸ್ಪ್ರಿಂಗಿಗೆ ಸ್ಲೀವ್ ಇದೆಯಾ?

ಪ್ರಶ್ನೆ ಕೇಳಿದವರು:
ಇಲ್ಲ ಸಾರ್, ಬರೀ ತಂತಿ. ಹಳೇ ಸ್ಪ್ರಿಂಗಿನಲ್ಲಿ ಇದೆ.

ಉತ್ತರ 1:
ಅದೇ ಕಾರಣ. ಹಳೇ ಸ್ಲೀವ್ ಬಿರುಕು ಬಿಟ್ಟಿಲ್ಲದಿದ್ದರೆ ಹೊಸದಕ್ಕೆ ಏರಿಸಿ. ಬಿಟ್ಟಿದ್ದರೆ ತೆಳು ವೈರಿನ ಸಿಪ್ಪೆ ಸುಲಿದು ಒಂದು ತುಂಡು ತೂರಿಸಿದರೂ ನಡೆಯುತ್ತೆ. ಆದರೆ ಯಾವ ಕಾಲಿಗೆ ಅನ್ನೋದು ಮುಖ್ಯ: ಪಿಕಪ್ಪಿನಿಂದ (ಗಾಲಿಯಿಂದ ಕರೆಂಟ್ ತಗೊಳ್ಳೋ ಭಾಗ) ವೈರ್ ಬರುವ ಬ್ರಷ್ ಕಡೆಗೆ. ಇನ್ನೊಂದು ಬ್ರಷ್ ಎಂಜಿನ್ನಿನ ಲೋಹದ ಚೌಕಟ್ಟಿಗೆ (ಚಾಸಿ) ಸೇರಿದ್ದು, ಅಲ್ಲಿ ಬೇಕಿಲ್ಲ. ಬ್ರಷ್ಷಿನ ತುದಿಯ ಸೀಳು ಹೊರಗೆ ಕಾಣಬೇಕು, ತಂತಿ ಕೂರೋದು ಅದರಲ್ಲೇ.

ಉತ್ತರ 2:
ಸ್ಲೀವ್ ಹಾಕೋ ಮೊದಲು ಕಮ್ಯುಟೇಟರೂ ನೋಡಿಬಿಡಿ. ಅದರ ಮೂರು ತಾಮ್ರದ ಪಟ್ಟಿಗಳ ನಡುವಿನ ಸಂದಿಯಲ್ಲಿ ಕಾರ್ಬನ್ ಪುಡಿ ಎಣ್ಣೆ ಜೊತೆ ಸೇರಿ ಕಾಡಿಗೆಯಂತೆ ಮೆತ್ತಿಕೊಂಡಿರುತ್ತೆ. ಹಲ್ಲುಕಡ್ಡಿಯಿಂದ ಕೆರೆದು, ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಲ್ಲಿ ಒರೆಸಿ. ಮರಳು ಕಾಗದ ಮುಟ್ಟಬೇಡಿ, ಗೀರು ಬಿದ್ದರೆ ಹೊಸ ಬ್ರಷ್ಷೂ ಬೇಗ ಸವೆಯುತ್ತೆ.

ಇನ್ನೊಂದು, ಬ್ರಷ್ ಬದಲಿಸೋಕೆ ಆಯಸ್ಕಾಂತ ಬಿಚ್ಚಬೇಕಿಲ್ಲ. ಯೂಟ್ಯೂಬ್ ನೋಡಿ ಉತ್ಸಾಹದಲ್ಲಿ ಎಲ್ಲಾ ಬಿಚ್ಚಿಡುವವರಿಗೆ ಈ ಮಾತು! ಈ ಹಳೇ ಆಯಸ್ಕಾಂತ ಚೌಕಟ್ಟಿನಿಂದ ಹೊರಬಂದರೆ ಬಲ ಕಳೆದುಕೊಳ್ಳುತ್ತೆ. ಆಮೇಲೆ ಮೋಟರ್ ಹೆಚ್ಚು ಕರೆಂಟ್ ಎಳೆದು ಬಿಸಿಯಾಗುತ್ತೆ, ಎಳೆಯೋ ಶಕ್ತಿ ಮಾತ್ರ ಇರಲ್ಲ.

ಪ್ರಶ್ನೆ ಕೇಳಿದವರು:
ಹಳೇ ಸ್ಲೀವ್ ಏರಿಸಿದೆ, ಓಡ್ತಾ ಇದೆ! ಸಂದಿಯಲ್ಲಿ ನೀವು ಹೇಳಿದ ಕಾಡಿಗೆ ಬೇಕಾದಷ್ಟಿತ್ತು. ಇನ್ನೂ ಸ್ವಲ್ಪ ಕಿಡಿ ಕಾಣ್ತಿದೆ, ಪರವಾಗಿಲ್ವಾ?

ಉತ್ತರ 1:
ಪರವಾಗಿಲ್ಲ. ಹೊಸ ಬ್ರಷ್ಷಿನ ಮುಖ ಕಮ್ಯುಟೇಟರಿನ ದುಂಡಿಗೆ ಇನ್ನೂ ಹೊಂದಿಲ್ಲ. ಬೋಗಿ ಕಟ್ಟದೆ ಅರ್ಧ ವೇಗದಲ್ಲಿ ಹಿಂದಕ್ಕೆ, ಮುಂದಕ್ಕೆ ಅರ್ಧರ್ಧ ಗಂಟೆ ಓಡಿಸಿ, ಕಿಡಿ ಇಳಿಯುತ್ತೆ. ನಡುನಡುವೆ ಮೋಟರ್ ಮುಟ್ಟಿ ನೋಡಿ, ಕೈ ಇಡಲಾಗದಷ್ಟು ಬಿಸಿಯಾದರೆ ನಿಲ್ಲಿಸಿ. ಎಣ್ಣೆ ಬೇರಿಂಗಿನ ಹತ್ತಿರ ಅದನ್ನು ಹೀರಿಕೊಳ್ಳೋ ಬಟ್ಟೆಯಂಥ ಫೆಲ್ಟ್‌ಗೆ ಒಂದೊಂದು ಹನಿ ಸಾಕು, ಅದೂ ಸೂಜಿ ಮೊನೆಯಿಂದ.