ಸಹಾಯ ಬೇಕು: 'ಊರುಭಂಗ'ದ ಆಡಿಷನ್‌ಗೆ ತಯಾರಿ

ಎಲ್ಲರಿಗೂ ನಮಸ್ಕಾರ. ಮೈಸೂರಿನಲ್ಲಿ ನಮ್ಮ ಬಡಾವಣೆಯವರೇ ಸೇರಿ ಸಂಸ್ಕೃತ ನಾಟಕಕಾರ ಭಾಸನ 'ಊರುಭಂಗ' ನಾಟಕವನ್ನು ಪಾರ್ಕಿನಲ್ಲಿ ಆಡುತ್ತಿದ್ದಾರೆ, ಟಿಕೆಟ್ ಇಲ್ಲ, ಯಾರು ಬೇಕಾದರೂ ಬಂದು ನೋಡಬಹುದು. ಬರುವ ಭಾನುವಾರ ಆಡಿಷನ್. ನನಗೆ ದುರ್ಯೋಧನನ ಪಾತ್ರವೇ ಬೇಕು. ತೊಡೆ ಮುರಿದು ಬಿದ್ದಿರುತ್ತಾನೆ, ಪುಟ್ಟ ಮಗ ದುರ್ಜಯ ಬಂದು ಅದೇ ತೊಡೆ ಮೇಲೆ ಕೂರಲು ಹೋಗುತ್ತಾನೆ, ಅಪ್ಪ ಬೇಡ ಅಂತ ತಡೆಯಬೇಕು. ಓದಿದಾಗಲೆಲ್ಲ ಗಂಟಲು ಕಟ್ಟುತ್ತದೆ, ಅದನ್ನೇ ಮಾಡಿ ತೋರಿಸುತ್ತೇನೆ.

ಆದರೆ ಮೈಕ್ ಇಲ್ಲ, ಪಕ್ಕದಲ್ಲೇ ಬಸ್ಸು ಓಡಾಡುವ ರಸ್ತೆ. ನೆಲದಲ್ಲಿ ಬಿದ್ದುಕೊಂಡೇ ಆಡುವ ಮಾತು ಹಿಂದಿನವರೆಗೂ ಕೇಳಬೇಕು, ಕಿರುಚಿದ ಹಾಗೂ ಆಗಬಾರದು ಅಲ್ವಾ? ಬಯಲಾಟ, ಬೀದಿ ನಾಟಕ ಮಾಡಿದವರು ಉಸಿರು ಎಲ್ಲಿ ತಗೊಳ್ಳಬೇಕು ಅಂತ ದಯವಿಟ್ಟು ಹೇಳಿ. ಸಂಜೆ ಕುಕ್ಕರಹಳ್ಳಿ ಕೆರೆ ಹತ್ರ ಅರ್ಧ ಗಂಟೆ ಕೂತು ಕೇಳುವವರಿದ್ದರೆ ಇನ್ನೂ ಒಳ್ಳೆಯದು.